ಮೂರನೇ ಜಾಡಿ

ಆಗಸ್ಟ್ 28, ಸೋಮವಾರ

ವಿಶ್ವವಿದ್ಯಾಲಯದ ಆಫೀಸಿನಲ್ಲಿ ಕೂತಿದ್ದ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆಯೇ ಹೇಳಿದಳು: "ಅಮ್ಮಾ, ಫೆಬ್ರವರಿಗೆ ನಿಮಗೆ ಪದವಿ ಸಿಗಲ್ಲ. ಎರಡನೇ ವಿದೇಶಿ ಭಾಷೆ ಸೊನ್ನೆ ಇದೆ."

"ಸೊನ್ನೆ ಹೇಗಿರತ್ತೆ? ಹಿಂದಿನ ಕಾಲೇಜಲ್ಲಿ ಜಪಾನಿ ಓದಿದೀನಿ. ಅಂಕಪಟ್ಟಿ ಬಿಡಿಸಿ ನೋಡು."

"ಅದು ಪ್ರವಾಸೋದ್ಯಮ ಜಪಾನಿ. ನಮ್ಮಲ್ಲಿ ಅದನ್ನ ಭಾಷೆ ಅಂತ ಹಿಡಿಯಲ್ಲ, ಕಸುಬಿನ ವಿಷಯ ಅಂತ ಹಿಡೀತೀವಿ. ಬೇರೆ ಕಾಲೇಜಿಂದ ಮೂರನೇ ವರ್ಷಕ್ಕೆ ಬಂದು ಸೇರಿದೋರಿಗೆಲ್ಲ ಹೀಗೇ ಆಗತ್ತೆ."

"ಭಾಷೆ ಅಲ್ಲದೆ ಮತ್ತೇನು ಅದು, ಮೂಲಂಗಿನಾ?"

ಅವಳು ನಗಲಿಲ್ಲ. ಇಂಗ್ಲಿಷ್ ಲೆಕ್ಕಕ್ಕಿಲ್ಲವಂತೆ, ಅದು ಮೊದಲನೇದಂತೆ. ಇನ್ನೊಂದು ಬೇಕಂತೆ. ಒಂದು ಭಾಷೆ, ಒಂದು ಸೆಮಿಸ್ಟರು, ನೂರಕ್ಕೆ ಎಪ್ಪತ್ತು ಬರಬೇಕು. ಅರವತ್ತೊಂಬತ್ತು ಬಂದರೆ ಇನ್ನೊಂದು ವರ್ಷ.

ಇನ್ನೊಂದು ವರ್ಷ ಅನ್ನುವುದು ಇವಳಿಗೆ ಸುಲಭ. ನನಗೆ ಎಪ್ಪತ್ತೊಂದು. ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ನನ್ನ ಪುಸ್ತಕ ಸುತ್ತಿದ್ದ ಬಟ್ಟೆ ಬಿಚ್ಚಿ, ಅದರಲ್ಲೇ ಊಟದ ಡಬ್ಬಿ ಕಟ್ಟಿ, ಮೀನಿಗೆ ಉಪ್ಪು ಹಾಕುವ ಕೊಟ್ಟಿಗೆಗೆ ಕಳಿಸಿದ. ಆಮೇಲೆ ನಲವತ್ತೆರಡು ವರ್ಷ ಮೊಕ್ಪೊ ಬಂದರಿನ ಮಾರುಕಟ್ಟೆಯಲ್ಲಿ ಉಪ್ಪುಮೀನು, ಉಪ್ಪುಸೀಗಡಿ, ಉಪ್ಪಿನಲ್ಲಿ ಹುದುಗಿಸಿ ಇಳಿಸಿದ ಮೀನಿನ ರಸ ಮಾರಿದೆ. ಅರವತ್ತೆರಡಕ್ಕೆ ಮತ್ತೆ ಪುಸ್ತಕ ಹಿಡಿದವಳು ನಾನು. ಒಂದೊಂದೇ ಪರೀಕ್ಷೆ ಕಟ್ಟಿ ಇಲ್ಲಿಯವರೆಗೆ ಬಂದು, ಕೊನೆಯ ಮೆಟ್ಟಿಲಲ್ಲಿ ಮೂಲಂಗಿ ಕಾಲಿಗೆ ಅಡ್ಡ ಬಂತು.

ಓದುತ್ತಿರುವುದು ಸಮಾಜ ಕಲ್ಯಾಣ. ಮುದುಕರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಇಪ್ಪತ್ತು ವರ್ಷದ ಮಕ್ಕಳ ಜೊತೆ ಕೂತು ಕಲಿಯುತ್ತಿದ್ದೇನೆ. ಅದೂ ಸಾಲದು ಅಂತ ಇದು.

ಆಗಸ್ಟ್ 31, ಗುರುವಾರ

ತರಗತಿ ಆರಿಸಿಕೊಳ್ಳುವ ದಿನ. ಹೊರಗಿಂದ ಬಂದು ಸೇರಿದವರಿಗೆ ಎಲ್ಲರದ್ದೂ ಮುಗಿದ ಮೇಲೆ ಬಾಗಿಲು ತೆಗೆಯುತ್ತಾರೆ. ಮಗ ಚೊಲ್‌ಗು ಹಡಗಿನಿಂದ ಬಂದಿದ್ದ, ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಚೀನಿ ಭರ್ತಿ. ಜಪಾನಿ ಭರ್ತಿ. ಫ್ರೆಂಚ್ ಭರ್ತಿ. ಉಳಿದಿದ್ದು ಒಂದೇ.

ಮಗ ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಮ್ಮಾ, ವಿಯೆಟ್ನಾಂ ಭಾಷೆ! ಮೇಡಂ ಮನೇಲೇ ಇದಾಳಲ್ಲ!"

"ಹಲ್ಲು ಮುಚ್ಚು. ಮಿಹ್ಯಾಂಗ್ ಕಿವಿಗೆ ಬಿದ್ರೆ ನಿನ್ನ ಹಡಗಿಂದ ವಾಪಸ್ ಬರೋದೇ ಬೇಡ."

ಮಿಹ್ಯಾಂಗ್ ಅವನ ಹೆಂಡತಿ. ಹನ್ನೊಂದು ವರ್ಷದ ಹಿಂದೆ ವಿಯೆಟ್ನಾಮಿನಿಂದ ಬಂದಳು. ಅವಳ ಹೆಸರು ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಅದಕ್ಕೆ ಈ ಹೆಸರು ನಾನೇ ಇಟ್ಟೆ. ಅವಳಿಗೆ ಜಪಾನಿ ತರಗತಿ ಅಂತಲೇ ಹೇಳಿದ್ದೇನೆ. ಸೊಸೆಯ ಮುಂದೆ ಕೂತು ಬಾಯಿ ತಿದ್ದಿಸಿಕೊಳ್ಳುವ ಗತಿ ನನಗಿನ್ನೂ ಬಂದಿಲ್ಲ.

ಸೆಪ್ಟೆಂಬರ್ 5, ಮಂಗಳವಾರ

ಮೊದಲ ತರಗತಿ. ಮೇಷ್ಟ್ರು ಒಣಮೀನಿನ ಹಾಗಿರುವ ಹುಡುಗ, ಹೆಸರು ಮಾ. ಆರು ವರ್ಷ ಹನೋಯ್‌ನಲ್ಲಿ ಓದಿದವನಂತೆ, ಎರಡು ಮಾತಿಗೊಮ್ಮೆ ಹನೋಯ್ ಅನ್ನುತ್ತಾನೆ. ಮಕ್ಕಳು ಹಿಂದಿನ ಬೆಂಚಿನಲ್ಲಿ ನಿದ್ದೆ. ನಾನೊಬ್ಬಳೇ ಮುಂದೆ.

ಮನೆಯವರ ಹೆಸರು ಬರೆಯಿರಿ ಅಂದ. ಬರೆದೆ. ಬಂದು ನೋಡಿ, "ಅಮ್ಮಾ, ಸೊಸೆ ವಿಯೆಟ್ನಾಮಿನವರು ಅಂದ್ರಿ. ಮಿಹ್ಯಾಂಗ್ ನಮ್ಮೂರ ಹೆಸರಲ್ವಾ? ಅವರದ್ದೇ ಹೆಸರೇನು?" ಅಂದ.

"ಇದೇ ಅವಳ ಹೆಸರು."

"ಹುಟ್ಟಿದಾಗ ಇಟ್ಟಿದ್ದು?"

ಹುಟ್ಟಿದಾಗ ಇಟ್ಟಿದ್ದು ಇವನಿಗ್ಯಾಕೆ. ಮನೆಗೆ ಬಂದು ಕಾಗದದ ಪೆಟ್ಟಿಗೆ ತೆಗೆದೆ. ಮದುವೆ ಕಾಗದದಲ್ಲಿ ಇತ್ತು. ಥಾಮ್. ಒಂದೂವರೆ ಅಕ್ಷರ. ಇದು ಆಗ ಬಾಯಲ್ಲಿ ಯಾಕೆ ನಿಲ್ಲಲಿಲ್ಲವೋ. ಹಲ್ಲು ಕಟ್ಟಿಸಿದ ವರ್ಷ ಇರಬೇಕು.

ಸೆಪ್ಟೆಂಬರ್ 14, ಗುರುವಾರ

ಪುಸ್ತಕ ಬಚ್ಚಿಡಲು ಮನೆಯಲ್ಲಿ ಜಾಗವಿಲ್ಲ. ಮಿಹ್ಯಾಂಗ್ ದಿನಾ ಮೂಲೆಮೂಲೆ ಒರೆಸುತ್ತಾಳೆ, ಅಷ್ಟು ಒರೆಸುವಂಥದ್ದು ಏನಿದೆಯೋ. ಕೊನೆಗೆ ತಾರಸಿಯ ಮೇಲೆ ಸಾಲಾಗಿಟ್ಟ ಜಾಡಿಗಳಲ್ಲಿ ಮೂರನೆಯದು ಖಾಲಿ ಇತ್ತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗಿಟ್ಟೆ. ಜಾಡಿ ತೊಳೆಯುವ ನೆಪದಲ್ಲಿ ಮೇಲೆ ಹೋಗಿ ಓದುತ್ತೇನೆ.

ಕೆಳಗೆ ಗೇಟಿನ ಹೊರಗೆ ಅವಳು ಫೋನು ಹಿಡಿದು ನಿಂತಿದ್ದಳು, ತಾಯಿಯ ಜೊತೆ ಮಾತು. ಮೊಮ್ಮಗಳು ಹುಟ್ಟಿದಾಗ ನಾನೇ ಹೇಳಿದ್ದೆ, ಗೇಟಿನೊಳಗೆ ಆ ಭಾಷೆ ಬೇಡ, ಮಗುವಿನ ನಾಲಿಗೆ ಕಲಸಿಹೋಗುತ್ತೆ ಅಂತ. ಅವತ್ತಿನಿಂದ ಮಳೆಯಿರಲಿ, ಹಿಮ ಬೀಳಲಿ, ಗೇಟಿನ ಹೊರಗೇ ನಿಂತು ಮಾತಾಡುತ್ತಾಳೆ. ಒಂದು ಮಾತು ಹೇಳಿದರೆ ಅಷ್ಟೇ ಹಿಡಿದುಕೊಳ್ಳುವ ಹಟಮಾರಿ.

ಸಂಜೆ ಪಕ್ಕದ ಮನೆಯ ಸುನ್‌ಚೊನ್ ಊರಿನವಳು ಎಲೆಕೋಸಿನ ಕಿಮ್ಚಿ ತಂದುಕೊಟ್ಟಳು. "ನಿಮ್ಮ ಕೈರುಚಿ ನಂಗೆ ಬರಲ್ಲ ಬಿಡಿ ಅಕ್ಕಾ" ಅಂದಳು. ಹೇಗೆ ಬರುತ್ತೆ. ಯಾವ ಚರಂಡಿಯ ಮೀನಿನ ರಸ ಸುರಿಯುತ್ತಾಳೋ, ಏಳೆಂಟು ವರ್ಷದಿಂದ ಅದೇ ನಾತ. ನಲವತ್ತೆರಡು ವರ್ಷ ಮೀನಿನ ರಸ ಮಾರಿದ ಮೂಗು ನನ್ನದು, ನನಗೆ ಗೊತ್ತಾಗುತ್ತೆ. ಎರಡು ತುಂಡು ತಿಂದು ಉಳಿದಿದ್ದನ್ನು ಸಾರಿಗೆ ಹಾಕಿಸಿದೆ.

ಸೆಪ್ಟೆಂಬರ್ 20, ಬುಧವಾರ

ಸೊಸೆಯ ತವರಿನಿಂದ ಪಾರ್ಸಲ್ಲು. ಒಣಬಾಳೆಹಣ್ಣು, ಮೆಣಸು, ಏನೇನೋ ಬಾಟಲಿ. ಬಾಟಲಿಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡವಳ ಹಾಗೆ ಒಳಗೆ ಒಯ್ದಳು. ನಾನೇನು ಕಿತ್ತುಕೊಳ್ತೀನಾ. ಅದರ ವಾಸನೆಯೇ ನನಗೆ ಬೇಡ.

ಸೆಪ್ಟೆಂಬರ್ 29, ಶುಕ್ರವಾರ

ಹಬ್ಬ. ಹದಿನಾಲ್ಕು ಜನಕ್ಕೆ ಅಡುಗೆ. ಒಂದಕ್ಷರ ಓದಿಲ್ಲ.

ಅಕ್ಟೋಬರ್ 12, ಗುರುವಾರ

ತಾರಸಿಯಲ್ಲಿದ್ದೆ. ಕೆಳಗೆ ಗೇಟಿನಾಚೆ ಅವಳ ಗುಟುಗುಟು. ದಿನಾ ಕೇಳುವುದೇ, ಕಾಗೆ ಕೂಗಿದ ಹಾಗೆ. ಇವತ್ತು ಇದ್ದಕ್ಕಿದ್ದಂತೆ ಅದರೊಳಗಿಂದ ಒಂದು ಮಾತು ಎದ್ದು ನಿಂತಿತು: "ಮಾ, ಅನ್ ಕೊಮ್ ಚುವಾ?"

ಅಮ್ಮಾ, ಊಟ ಆಯ್ತಾ.

ಜಾಡಿಯ ಮುಚ್ಚಳ ಕೈಯಲ್ಲೇ ಇತ್ತು. ಇಷ್ಟು ವರ್ಷ ಅವಳು ಅಲ್ಲಿ ನಿಂತು ನನ್ನ ಮೇಲೆ ಚಾಡಿ ಹೇಳುತ್ತಿದ್ದಾಳೆ ಅಂದುಕೊಂಡಿದ್ದೆ. ಊಟ ಆಯ್ತಾ ಅಂತ ಕೇಳುತ್ತಿದ್ದಳು. ಆದರೂ ಸುಮ್ಮನೆ ಬಿಡುವವಳಲ್ಲ ನಾನು, ಕಿವಿಗೊಟ್ಟು ಕೇಳಿದೆ. ಮಧ್ಯೆ ಮಧ್ಯೆ "ಬಾ ಚಾನ್, ಬಾ ಚಾನ್" ಅಂತ ಬರುತ್ತಿತ್ತು. ಬಾ ಅಂದರೆ ಅಜ್ಜಿ, ಹಿರಿಯಳು. ಹಾಗಾದರೆ ಅದು ನಾನೇ. ಗೌರವದ ಮಾತು ಇರಬೇಕು. ಬರೆದುಕೊಂಡೆ.

ಅಕ್ಟೋಬರ್ 17, ಮಂಗಳವಾರ

ತರಗತಿ ಮುಗಿದ ಮೇಲೆ ಮಾ ಮೇಷ್ಟ್ರನ್ನು ಕೇಳಿದೆ, ಬಾ ಚಾನ್ ಅಂದರೇನು.

ಅವನು ಕನ್ನಡಕ ತೆಗೆದ. "ಎಲ್ಲಿ ಕೇಳಿದ್ರಿ ಅಮ್ಮಾ?"

"ಎಲ್ಲಾದ್ರೂ ಕೇಳಿದೆ. ಹೇಳಿ."

"ಅದು… ಕಥೇಲಿ ಬರೋ ರಾಕ್ಷಸಿ. ಜೋರು ಬಾಯಿನ, ಸಿಡುಕು ಹೆಂಗಸರಿಗೆ ಹಾಗಂತಾರೆ." ಹಿಂದಿನ ಬೆಂಚಿನ ನಿದ್ದೆಬಡುಕರಿಗೆಲ್ಲ ಅದೇ ಹೊತ್ತಿಗೆ ಎಚ್ಚರ. ಕಿಸಿಕಿಸಿ ನಕ್ಕರು. ಒಂದೂವರೆ ತಿಂಗಳಲ್ಲಿ ಈ ಮಕ್ಕಳು ಕಲಿತ ಮೊದಲ ಶಬ್ದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಮನೆಗೆ ಬಂದು ಜಾಡಿಸೋಣ ಅಂದರೆ ಹೇಗೆ ಗೊತ್ತಾಯ್ತು ಅಂತ ಕೇಳುತ್ತಾಳೆ. ಬಚ್ಚಿಟ್ಟುಕೊಂಡು ಓದುವವರಿಗೆ ಬೈಯುವ ಹಕ್ಕೂ ಇಲ್ಲ. ರಾತ್ರಿ ಊಟಕ್ಕೆ ಬಾಳೆಮೀನು ಬೇಯಿಸಿದ್ದಳು, ಮುಳ್ಳು ತೆಗೆದು ನನ್ನ ಬಟ್ಟಲಿಗೇ ಹಾಕಿದಳು. ರಾಕ್ಷಸಿ ತಿಂದಳು.

ಅಕ್ಟೋಬರ್ 26, ಗುರುವಾರ

ಮಧ್ಯಪರೀಕ್ಷೆ: ಅರವತ್ತೊಂದು. ನಿದ್ದೆ ಹೊಡೆದವನಿಗೆ ಎಂಬತ್ತು.

ಕೊನೆಯ ಪರೀಕ್ಷೆಗೆ ಕಾಗದವಿಲ್ಲವಂತೆ. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರೊಬ್ಬರನ್ನು ಹಿಡಿದು ಐದು ನಿಮಿಷ ಮಾತಾಡಬೇಕಂತೆ, ಏನಾದರೂ ಅಡುಗೆ ಮಾಡುತ್ತಾ. ಅದನ್ನು ಫೋನಿನಲ್ಲಿ ವಿಡಿಯೋ ಮಾಡಿ ಕೊಡಬೇಕು. ನಡುವೆ ನಿಲ್ಲಿಸುವ ಹಾಗಿಲ್ಲ, ಕತ್ತರಿಸುವ ಹಾಗಿಲ್ಲ.

"ನಿಮಗೇನಮ್ಮ, ಮನೇಲೇ ಇದಾರೆ" ಅಂದ ಮೇಷ್ಟ್ರು. ಎಲ್ಲರಿಗೂ ಇದೊಂದೇ ಮಾತು.

ನವೆಂಬರ್ 7, ಮಂಗಳವಾರ

ಬೇರೆ ಯಾರನ್ನಾದರೂ ಹಿಡಿಯೋಣ ಅಂತ ಬಸ್ ನಿಲ್ದಾಣದ ಹತ್ತಿರದ ವಿಯೆಟ್ನಾಂ ಶಾವಿಗೆ ಹೋಟೆಲಿಗೆ ಹೋದೆ. ಗೋಡೆ ತುಂಬ ತಾವರೆ, ಬಿದಿರು ಟೋಪಿ. ಒಡತಿಯ ಮುಂದೆ ನಿಂತು, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ನಾಲ್ಕು ವಾಕ್ಯ ಒಪ್ಪಿಸಿದೆ. ಅವಳು ಬಾಯಿ ಬಿಟ್ಟುಕೊಂಡು ನೋಡಿದಳು.

"ಅಮ್ಮಾ, ನಾನು ನಾಜುವಿನವಳು ಕಣಮ್ಮ. ಸಾರು ಮಾಡೋದು ವಿಡಿಯೋ ನೋಡಿ ಕಲಿತಿದ್ದು."

ನಾಜು ಇಲ್ಲಿಂದ ಒಂದು ಗಂಟೆ ದಾರಿ. ಶಾವಿಗೆಯೂ ಚೆನ್ನಾಗಿರಲಿಲ್ಲ.

ನವೆಂಬರ್ 16, ಗುರುವಾರ

ಕೇಳಿದೆ. ಕೇಳಿದೆ ಅನ್ನುವುದಕ್ಕಿಂತ ಅಪ್ಪಣೆ ಮಾಡಿದೆ. ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು.

"ಮಿಹ್ಯಾಂಗ್, ಒಂದೈದು ನಿಮಿಷ ನಿನ್ನ ಭಾಷೇಲಿ ನನ್ನ ಜೊತೆ ಮಾತಾಡು. ಕಾಲೇಜಿಗೆ ಬೇಕು."

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ತಲೆ ತಗ್ಗಿಸಿಕೊಂಡೇ, "ಆಗಲ್ಲ ಅತ್ತೆ" ಅಂದಳು.

"ಯಾಕೆ ಆಗಲ್ಲ?"

"ಗೇಟಿನೊಳಗೆ ಆ ಭಾಷೆ ಬೇಡ ಅಂತ ನೀವೇ ಹೇಳಿದ್ರಲ್ಲ. ನಂಗೆ ಇಲ್ಲಿ ಬಾಯೇ ಬರಲ್ಲ ಅತ್ತೆ. ಅಭ್ಯಾಸ ಹೋಗಿದೆ."

ಹೀಗೆ ಎದುರು ನಿಂತವಳಲ್ಲ ಅವಳು ಒಂದು ದಿನವೂ. ನಯವಾಗಿ ಹೇಳಿದಳು, ಬೆಳ್ಳುಳ್ಳಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೋದರೆ ಹೋಗಲಿ ಪದವಿ, ಆಡಿದ ಮಾತು ವಾಪಸ್ ತಗೊಂಡವಳಲ್ಲ ಈ ಓಕ್ ಮಾಕ್‌ಸುನ್. ಮಾರುಕಟ್ಟೆಯಲ್ಲಿ ಯಾರನ್ನು ಬೇಕಾದರೂ ಕೇಳಲಿ.

ನವೆಂಬರ್ 18, ಶನಿವಾರ

ಎರಡು ದಿನದಿಂದ ನಿದ್ದೆಯಿಲ್ಲ. ಪದವಿಯ ಕಪ್ಪು ಟೋಪಿ ಕಣ್ಣಮುಂದೆ ಬರುತ್ತೆ, ಅದರ ಕೆಳಗೆ ನನ್ನ ಮುಖ ಇರುವುದಿಲ್ಲ.

ಬೆಳಿಗ್ಗೆ ಹೊಳೆಯಿತು. ಗೇಟಿನೊಳಗೆ ಬೇಡ ಅಂದಿದ್ದು ತಾನೇ? ಮುಂದಿನ ಶನಿವಾರ ವರ್ಷದ ಕಿಮ್ಚಿ ಹಾಕುವುದು ಇದ್ದೇ ಇದೆ. ಈ ಸಲ ಗೇಟಿನ ಹೊರಗೆ, ಓಣಿಯಲ್ಲಿ ಹಾಕುವುದು.

ಮಿಹ್ಯಾಂಗ್‌ಗೆ ಹೇಳಿದೆ. "ಎಂಬತ್ತು ಎಲೆಕೋಸು, ಓಣೀಲಾ ಅತ್ತೆ?"

"ಓಣೀಲಿ. ಅಲ್ಲಿ ಬಾಯಿ ಬರತ್ತಲ್ಲ ನಿಂಗೆ?"

"ಯಾ" ಅಂದಳು. ಅವರಲ್ಲಿ ದೊಡ್ಡವರಿಗೆ ಹೂಂ ಅನ್ನುವುದು ಹಾಗೆ. ಮಾ ಮೇಷ್ಟ್ರು ಅದನ್ನೇ "ಝಾ" ಅಂತ ಸೊಳ್ಳೆಯ ಹಾಗೆ ಅನ್ನುತ್ತಾನೆ.

ನವೆಂಬರ್ 25, ಶನಿವಾರ

ಬೆರಳೆಲ್ಲ ಖಾರ ಉರಿಯುತ್ತಿದೆ, ಆದರೂ ಇವತ್ತಿನದು ಇವತ್ತೇ ಬರೆಯಬೇಕು.

ಬೆಳಿಗ್ಗೆ ಓಣಿಯಲ್ಲಿ ಟಾರ್ಪಾಲು ಹಾಸಿ, ರಾತ್ರಿಯೆಲ್ಲ ಉಪ್ಪಿನಲ್ಲಿ ಬಾಡಿಸಿದ ಎಲೆಕೋಸು ಗುಡ್ಡೆ ಹಾಕಿದೆವು. ಸ್ಕೂಟರಿನವರೆಲ್ಲ ಬೈದುಕೊಂಡು ಬೇರೆ ದಾರಿ ಹಿಡಿದರು. "ಅಂಗಳ ಇಟ್ಕೊಂಡು ಬೀದೀಲಿ ಯಾಕಕ್ಕಾ?" ಅಂತ ಸುನ್‌ಚೊನ್‌ನವಳು ಕೇಳಿದಳು. "ಗಾಳಿ ಬೇಕು" ಅಂದೆ. ಅವಳೂ ಕೈಗವಸು ಹಾಕಿಕೊಂಡು ಬಂದು ಕೂತಳು. ವರ್ಷ ವರ್ಷವೂ ಬರುತ್ತಾಳೆ, ನಾವೂ ಅವಳ ಮನೆಗೆ ಹೋಗುತ್ತೇವೆ.

ಮಸಾಲೆ ಕಲಸಿ ಆಗಿತ್ತು. ಮೆಣಸಿನಪುಡಿ, ಅಕ್ಕಿಗಂಜಿ, ಬೆಳ್ಳುಳ್ಳಿ, ಶುಂಠಿ, ಉಪ್ಪುಸೀಗಡಿ, ನನ್ನ ಮೀನಿನ ರಸ. ರಸ ಕುದಿಸಿ ಸೋಸಿ ಬೆರೆಸುವ ಕೆಲಸ ನನ್ನ ಮಣಿಕಟ್ಟು ಹೋದಾಗಿನಿಂದ ಸೊಸೆಯದು. ಫೋನನ್ನು ಇಟ್ಟಿಗೆಗೆ ಒರಗಿಸಿ, ಕೆಂಪು ಚುಕ್ಕಿ ಒತ್ತಿ, ಎದುರು ಬದುರು ಕೂತೆವು. ಇಲ್ಲಿಂದ ಎಲ್ಲ ಅವಳ ಭಾಷೆಯಲ್ಲಿ.

"ನಿನ್ನ ಹೆಸರು ಏನು?"

"ಯಾ, ನನ್ನ ಹೆಸರು ಥಾಮ್."

ಎಂಥ ಗಂಟಲು! ನಮ್ಮ ಭಾಷೆಯಲ್ಲಿ ಮಾತಾಡುವಾಗ ಗುಬ್ಬಿಮರಿ. ಇದರಲ್ಲಿ ಸಂತೆಯಲ್ಲಿ ಮೀನು ಮಾರುವವಳ ಸ್ವರ. ಸುನ್‌ಚೊನ್‌ನವಳು ಬೆಚ್ಚಿ ತಲೆಯೆತ್ತಿದಳು.

"ಏನು ಮಾಡುತ್ತೀಯ?"

"ಯಾ ಮಾ, ಕಿಮ್ಚಿ ಮಾಡುತ್ತೇನೆ."

ಮಾ ಅಂದರೆ ಅಮ್ಮ. ಮೇಷ್ಟ್ರು ಅದಕ್ಕೆ ಬೇರೆ ಶಬ್ದ ಕಲಿಸಿದ್ದ, ಅದು ನನ್ನ ಬಾಯಿಗೆ ಬರಲಿಲ್ಲ, ನಾನೂ ಮಾ ಅಂತಲೇ ಅನ್ನತೊಡಗಿದೆ.

"ಇದರಲ್ಲಿ ಏನು ಹಾಕುತ್ತೀಯ?" ನಾನು ಹಾಳೆಯಲ್ಲಿ ಬರೆದುಕೊಂಡಿದ್ದ ಮೂರನೇ ಪ್ರಶ್ನೆ.

ಅವಳು ಎಲೆ ಎಲೆ ಬಿಡಿಸಿ ಮಸಾಲೆ ಸವರುತ್ತಾ ಒಂದೊಂದೇ ಹೇಳಿದಳು. ಮೆಣಸು. ಬೆಳ್ಳುಳ್ಳಿ. ಶುಂಠಿ. ಆಮೇಲೆ ಫೋನನ್ನು ನೋಡಿ, ನನ್ನನ್ನು ನೋಡಿ, ನನಗೆ ಅರ್ಥವಾಗುವಷ್ಟು ನಿಧಾನವಾಗಿ ಅಂದಳು:

"ಮೀನಿನ ರಸ. ನನ್ನ ತಾಯಿಯ ಮನೆಯದು."

ತಪ್ಪು ತಿಳಿದೆನೇನೋ ಅಂತ ಮತ್ತೆ ಕೇಳಿದೆ. "ಯಾರ ಮನೆ?"

"ನನ್ನ ಅಮ್ಮನ ಮನೆ. ವಿಯೆಟ್ನಾಂ."

"ನನ್ನ ರಸ?"

"ಮಾ ರಸ ಒಡೆದುಹೋಯಿತು. ಹೂಜಿ ಬಿತ್ತು. ಮಾ ಮಾರುಕಟ್ಟೆಯಲ್ಲಿ ಇದ್ದಿರಿ. ನನಗೆ ತುಂಬಾ ಭಯ. ನನ್ನ ಅಮ್ಮನ ಬಾಟಲಿ ಹಾಕಿದೆ. ಮಾ ತಿಂದಿರಿ. ಈ ವರ್ಷ ಎಲ್ಲಕ್ಕಿಂತ ರುಚಿ ಅಂದಿರಿ."

"ಯಾವ ವರ್ಷ?"

"ಏಳು ವರ್ಷ."

"ಒಂದು ವರ್ಷ?"

"ಏಳು ವರ್ಷವೂ."

ಕೈ ತನ್ನಷ್ಟಕ್ಕೆ ಮಸಾಲೆ ಸವರುತ್ತಿತ್ತು. ಏಳು ವರ್ಷ! ಮಾರುಕಟ್ಟೆಯವರಿಗೆಲ್ಲ ತಟ್ಟೆ ತಟ್ಟೆ ಹಂಚಿ, ನೋಡಿ ಇದು ಮಾಕ್‌ಸುನ್‌ಳ ರಸ ಅಂತ ಎದೆ ತಟ್ಟಿಕೊಂಡಿದ್ದೇನೆ. ನಲವತ್ತೆರಡು ವರ್ಷದ ಮೂಗಿಗೆ ಬೆಂಕಿ ಬಿತ್ತು. ಎದ್ದು ಅವಳನ್ನು ಜಾಡಿಸಬೇಕು, ಆದರೆ ಫೋನಿನ ಕೆಂಪು ಚುಕ್ಕಿ ಉರಿಯುತ್ತಿದೆ, ನಿಲ್ಲಿಸುವ ಹಾಗಿಲ್ಲ. ಆ ಭಾಷೆಯಲ್ಲೇ ಬೈಯೋಣ ಅಂದರೆ ನನಗೆ ಬರುವುದು ಒಂದೇ ಬೈಗುಳ, ಅದೂ ನನ್ನದೇ ಹೆಸರು.

"ನನ್ನ ರಸ… ಪ್ರತಿ ವರ್ಷ… ಎಲ್ಲಿ?" ಹೇಗೋ ಜೋಡಿಸಿದೆ.

ಥಾಮ್ ಮುಖ ತಿರುಗಿಸದೆ, ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿಸಿದಳು. ಅಲ್ಲಿ ಸುನ್‌ಚೊನ್‌ನವಳು ಎಲೆಕೋಸು ಮಡಚುತ್ತಾ ಕೂತಿದ್ದಳು.

"ಈ ಹೆಂಗಸು. ನಾನು ಕೊಡುತ್ತೇನೆ. ಕದ್ದು ತಂದೆ, ಹೇಳಬೇಡಿ ಅನ್ನುತ್ತೇನೆ. ಅವರಿಗೆ ತುಂಬಾ ಸಂತೋಷ."

ಚರಂಡಿಯ ಮೀನಿನ ರಸ.

"ಏನಂತಾಳೆ ನಿಮ್ಮ ಸೊಸೆ? ನನ್ನ ವಿಷಯ ಬಂದ ಹಾಗಾಯ್ತು" ಅಂದಳು ಸುನ್‌ಚೊನ್‌ನವಳು, ನಮ್ಮ ಭಾಷೆಯಲ್ಲಿ.

"ನಿನ್ನ ಕಿಮ್ಚಿ ಚೆನ್ನಾಗಿರತ್ತೆ ಅಂತಾಳೆ. ಸುಮ್ನಿರು, ಪರೀಕ್ಷೆ ನಡೀತಿದೆ!"

"ನಿಮ್ಮಷ್ಟು ಎಲ್ಲಿ ಬಿಡಿ ಅಕ್ಕಾ" ಅಂತ ಅವಳು ನಾಚಿದಳು. ಥಾಮ್ ಕೆಮ್ಮಿದಳು, ಕೆಮ್ಮಲ್ಲ ಅದು.

ಇನ್ನೂ ಒಂದೂವರೆ ನಿಮಿಷ ಬಾಕಿ. ಹಾಳೆಯ ಪ್ರಶ್ನೆಗಳೆಲ್ಲ ತಲೆಯಿಂದ ಹಾರಿಹೋಗಿದ್ದವು. ಬಾಯಿಗೆ ಬಂದದ್ದನ್ನು ಕೇಳಿದೆ. "ಬಾಟಲಿ ಎಲ್ಲಿ ಇಡುತ್ತೀಯ?"

"ತಾರಸಿ. ಮೂರನೇ ಜಾಡಿ. ಒಂದು ದಿನ ಹೊಸ ಬಾಟಲಿ ಇಡಲು ಹೋದೆ, ಅಲ್ಲಿ ಮಾ ಪುಸ್ತಕ. ಬಾಟಲಿ ಐದನೇ ಜಾಡಿಗೆ ಹಾಕಿದೆ."

"ಯಾವಾಗ?"

"ಸೆಪ್ಟೆಂಬರ್."

ಹಾಗಾದರೆ ಮೊದಲಿನಿಂದಲೂ ಗೊತ್ತು. ನಾನು ಜಾಡಿ ತೊಳೆಯುವ ನಾಟಕ ಆಡುವುದು, ಅವಳು ಕೆಳಗೆ ನಿಂತು ತಾಯಿಯ ಜೊತೆ ನಿಧಾನವಾಗಿ, ಬಿಡಿಬಿಡಿಯಾಗಿ ಮಾತಾಡುವುದು. ನಾನೇನೋ ನನ್ನ ಕಿವಿ ಪಳಗಿತು ಅಂದುಕೊಂಡಿದ್ದೆ.

ಬಿಡಲಿಲ್ಲ ನಾನು. ಕೇಳಿಯೇಬಿಟ್ಟೆ. "ಬಾ ಚಾನ್ ಯಾರು?"

ಅವಳ ಮುಖ ಬಿಳಿಚಿತು. ಆಮೇಲೆ ಮಸಾಲೆಗಿಂತ ಕೆಂಪಾಯಿತು. ಎಲೆಕೋಸಿನ ಒಳಗಿನ ಎಳೆ ಎಲೆಯೊಂದನ್ನು ಕಿತ್ತು, ಮಸಾಲೆ ಸುತ್ತಿ, ನನ್ನ ಬಾಯಿಯ ಹತ್ತಿರ ಹಿಡಿದಳು. ಬಾಯಿ ತೆರೆದೆ. ಅಗಿದೆ. ಇಂಥ ಹೊತ್ತಲ್ಲೂ ನಾಲಿಗೆ ಸುಳ್ಳು ಹೇಳಲಿಲ್ಲ.

"ರುಚಿಯಾ, ಮಾ?"

"ಯಾ" ಅಂದೆ. ದೊಡ್ಡವರು ಸಣ್ಣವರಿಗೆ ಹಾಗೆ ಅನ್ನಬಾರದು ಅಂತ ಆಮೇಲೆ ನೆನಪಾಯಿತು. ಫೋನು ಅಷ್ಟರಲ್ಲಿ ಐದು ನಿಮಿಷ ದಾಟಿತ್ತು.

ನವೆಂಬರ್ 26, ಭಾನುವಾರ

ಸುನ್‌ಚೊನ್‌ನವಳು ತನ್ನ ಹೊಸ ಕಿಮ್ಚಿ ಒಂದು ತಟ್ಟೆ ತಂದುಕೊಟ್ಟಳು. ಪೂರ್ತಿ ತಿಂದೆ. ಅವಳು ಮೂಲಂಗಿ ದಪ್ಪ ಹೆಚ್ಚುತ್ತಾಳೆ, ಉಪ್ಪೂ ಜಾಸ್ತಿ. ರಸದಲ್ಲಿ ಏನೂ ತಪ್ಪಿಲ್ಲ.

ಥಾಮ್ ಜೊತೆ ಮಾತಿಲ್ಲ. ಅವಳೂ ಆಡಲಿಲ್ಲ. ಬಟ್ಟಲಿನಲ್ಲಿ ಮುಳ್ಳು ತೆಗೆದ ಮೀನು ಇತ್ತು.

ಡಿಸೆಂಬರ್ 3, ಭಾನುವಾರ

ಐದನೇ ಜಾಡಿ ತೆಗೆದು ನೋಡಿದೆ. ನಾಲ್ಕು ಬಾಟಲಿ. ಒಂದರ ಮುಚ್ಚಳ ಬಿಚ್ಚಿ ಬೆರಳು ಅದ್ದಿ ನೆಕ್ಕಿದೆ. ಮೀನು ಒಳ್ಳೆಯದು. ಒಂದು ವರ್ಷಕ್ಕಿಂತ ಹೆಚ್ಚು ಕೂತಿದೆ. ಅವಸರ ಮಾಡದ ಕೈ. ಈ ಹೆಂಗಸನ್ನು ಮಾರುಕಟ್ಟೆಯಲ್ಲಿ ನನ್ನ ಪಕ್ಕದ ಅಂಗಡಿಯಲ್ಲಿ ಕೂರಿಸಿದ್ದರೆ ನನಗೆ ಕಷ್ಟವಾಗುತ್ತಿತ್ತು.

ತಾರಸಿಯಲ್ಲಿಟ್ಟರೆ ಹಿಮಕ್ಕೆ ಬಾಟಲಿ ಸೀಳುತ್ತೆ. ಅಷ್ಟೂ ತಿಳಿಯುವುದಿಲ್ಲ ಇವಳಿಗೆ. ಕೆಳಗೆ ತಂದು ಅಡುಗೆಮನೆಯ ಶೆಲ್ಫಿನಲ್ಲಿ ನನ್ನ ಹೂಜಿಯ ಪಕ್ಕ ಇಟ್ಟೆ.

ಡಿಸೆಂಬರ್ 22, ಶುಕ್ರವಾರ

ಅರವತ್ತೆಂಟು.

ಎರಡು ಅಂಕ ಕಡಿಮೆ. ಮೇಷ್ಟ್ರು ಬರೆದಿದ್ದಾನೆ: ಮಾತು ಸರಾಗವಾಗಿದೆ, ಶಬ್ದಗಳು ಸಾಕಷ್ಟಿವೆ, ಉಚ್ಚಾರ ತಪ್ಪು. ಯಾ ಅಂದ ಕಡೆ, ಮಾ ಅಂದ ಕಡೆಯೆಲ್ಲ ಕೆಂಪು ಗೆರೆ. ತರಗತಿಯಲ್ಲಿ ಕಲಿಸಿದ ರಾಜಧಾನಿಯ ಉಚ್ಚಾರ ಅಲ್ಲವಂತೆ, ಹಳ್ಳಿಗಾಡಿನದಂತೆ.

ಫೆಬ್ರವರಿ ಹೋಯಿತು. ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೂತೆ. ಥಾಮ್ ಮೂಲಂಗಿ ಹೆಚ್ಚುತ್ತಿದ್ದಳು, ಏನಾಯ್ತು ಅಂದಳು.

"ಏನಿಲ್ಲ. ನಿನ್ನ ಮಾತು ತಪ್ಪಂತೆ."

"ನನ್ನ ಮಾತು?"

"ಯಾ ಅನ್ನೋದು ತಪ್ಪಂತೆ. ಮಾ ಅನ್ನೋದು ತಪ್ಪಂ…"

ಚಾಕುವನ್ನು ಮಣೆಯ ಮೇಲೆ ಕುಕ್ಕಿದಳು. ಆಮೇಲೆ ಹರಿಯಿತು ನೋಡಿ ಅವಳ ಭಾಷೆ, ಕಟ್ಟೆ ಒಡೆದ ಹಾಗೆ. ನನ್ನಮ್ಮ ತಪ್ಪಾ, ನನ್ನಜ್ಜಿ ತಪ್ಪಾ, ನನ್ನೂರಿಗೆ ಊರೇ ತಪ್ಪಾ, ಯಾರವನು, ಅವನಿಗೆ ಕಿಮ್ಚಿ ಹಾಕಕ್ಕೆ ಬರತ್ತಾ. ಮೂಲಂಗಿ ಚೂರು ಒಲೆಯವರೆಗೆ ಹಾರಿತ್ತು. ಮಧ್ಯದಲ್ಲಿ ಎರಡು ಮೂರು ಶಬ್ದ ಗೊತ್ತಾಗಲಿಲ್ಲ, ಪುಸ್ತಕದಲ್ಲಿ ಇರುವಂಥವಲ್ಲ. ನಿಲ್ಲಿಸಿ, ಅದರ ಅರ್ಥ ಏನು ಅಂತ ಕೇಳಿ ಬರೆದುಕೊಂಡೆ. ಬೈಗುಳ ಕಲಿಸದ ಮೇಷ್ಟ್ರು ಏನು ಮೇಷ್ಟ್ರು.

ತಕರಾರು ಸಲ್ಲಿಸಲು ಮಂಗಳವಾರದವರೆಗೆ ಸಮಯ ಇದೆ.

ಡಿಸೆಂಬರ್ 26, ಮಂಗಳವಾರ

ಮಾ ಮೇಷ್ಟ್ರ ಕೋಣೆ ಮೂರನೇ ಮಹಡಿ, ಲಿಫ್ಟಿಲ್ಲ. ಬಾಗಿಲು ತಟ್ಟದೆ ಒಳಗೆ ಹೋದೆ.

"ಮೇಷ್ಟ್ರೇ, ಈ ಕೆಂಪು ಗೆರೆ ಯಾಕೆ?"

"ಕೂತ್ಕೊಳ್ಳಿ ಅಮ್ಮಾ. ನಾನು ಕಲಿಸಿದ್ದು ಝಾ. ನೀವು ಯಾ ಅಂದಿದೀರಿ. ಅದು ದಕ್ಷಿಣದ ಕಡೆ ರೂಢಿ. ಪರೀಕ್ಷೆಗೆ ಒಂದು ಅಳತೆ ಬೇಕಲ್ವಾ?"

"ನಿಮ್ಮಜ್ಜಿ ಯಾವೂರು?"

"ಆಂ? ಹೆನಾಮ್."

"ಇಲ್ಲೇ ಪಕ್ಕದೋರು. ನಿಮ್ಮಜ್ಜಿ ಸಿಯೋಲ್‌ನೋರ ಥರ ಮಾತಾಡ್ತಾರಾ?"

"…ಇಲ್ಲ."

"ಅವರಿಗೂ ಎರಡು ಅಂಕ ಕಡೀತೀರಾ? ನಿಮ್ಮಜ್ಜಿ ನಿಮ್ಮನ್ನ ಊಟಕ್ಕೆ ಕರೆದಾಗ, ಉಚ್ಚಾರ ತಪ್ಪು ಅಂತ ಏಳದೇ ಕೂತಿದ್ರಾ?"

ಅವನು ಕನ್ನಡಕ ಒರೆಸತೊಡಗಿದ. ನಾನು ಮೇಜಿನ ಮೇಲೆ ಕೈ ಊರಿದೆ.

"ನೋಡಿ ಮೇಷ್ಟ್ರೇ, ಹನೋಯ್‌ನಲ್ಲಿ ಹೇಗಂತಾರೋ ನಂಗೆ ಬೇಡ. ನಮ್ಮ ಮನೇಲಿ ಯಾ ಅಂತಲೇ ಅನ್ನೋದು. ಥಾಮ್ ಹಾಗೇ ಅಂತಾಳೆ, ಅವಳಮ್ಮನೂ ಹಾಗೇ ಅಂತಾರೆ. ಬೇರೆ ಥರ ಅಂದ್ರೆ ನಮ್ಮ ಮನೇಲಿ ನಗ್ತಾರೆ."

ಅವನು ಕಂಪ್ಯೂಟರಿನಲ್ಲಿ ವಿಡಿಯೋ ಹಾಕಿದ. ಇಬ್ಬರೂ ಕೂತು ಐದು ನಿಮಿಷ ನೋಡಿದೆವು. ನನ್ನ ಬಾಯಿ ಅಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ಮುಗಿದ ಮೇಲೆ ಅವನು ಕೆಮ್ಮಿದ. ಥಾಮ್ ಕೆಮ್ಮಿದಂಥದ್ದೇ ಕೆಮ್ಮು.

"ಅಮ್ಮಾ, ತಪ್ಪು ತಿಳೀಬೇಡಿ. ಏಳು ವರ್ಷ ನಿಮಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ಅದು ಪಾಠದಲ್ಲಿ ಇಲ್ಲ. ಈ ಮಾತು ನಮ್ಮ ಓಣಿಗೆ ತಲುಪಿದ್ರೆ ನಿಮ್ಮನ್ನೇ ಉಪ್ಪು ಹಾಕ್ತೀನಿ."

"ಆ ಕಿಮ್ಚಿ ಒಂದು ತುಂಡು…"

"ಮೇಷ್ಟ್ರಿಗೆ ತಿನ್ನೋಕೆ ಕೊಡೋದು ಕಾನೂನಿಗೆ ವಿರುದ್ಧ. ಪದವಿ ಕೊಡ್ಸಿ, ಆಮೇಲೆ ಮನೆಗೆ ಬಂದು ತಿನ್ನಿ."

ಬರುವಾಗ ಮೆಟ್ಟಿಲಲ್ಲಿ ಮಂಡಿ ಹಿಡಿಯಿತು. ಅಂಕ ಏನು ಮಾಡುತ್ತಾನೋ ಹೇಳಲಿಲ್ಲ. ಒಣಮೀನು.

ಡಿಸೆಂಬರ್ 28, ಗುರುವಾರ

ಎಪ್ಪತ್ತು. ಒಂದೂ ಹೆಚ್ಚಿಲ್ಲ. ಎಪ್ಪತ್ತೊಂದು ಕೊಟ್ಟಿದ್ದರೆ ಇವನ ಗಂಟೇನು ಹೋಗುತ್ತಿತ್ತು.

ಫೆಬ್ರವರಿಯ ಫೋಟೋಗೆ ಟೋಪಿಯ ಅಳತೆ ಕೊಡಬೇಕಂತೆ. ತಲೆ ಸುತ್ತಳತೆ ಹಿಡಿಯಲು ಥಾಮ್‌ಗೆ ಹೇಳಿದ್ದೇನೆ.

ಇನ್ನೂ ಬರೆಯೋಣವೆಂದರೆ ಆಗುತ್ತಿಲ್ಲ. ಅಡುಗೆಮನೆಯಿಂದ ಫೋನಿನ ಗಲಾಟೆ, ಒಂದು ಗಂಟೆಯಾಯಿತು. ಅಲ್ಲಿಂದ ಅವಳಮ್ಮ ಕೂಗುವುದು, ಇಲ್ಲಿಂದ ಇವಳು ಕೂಗುವುದು, ನಡುವೆ ಮೊಮ್ಮಗಳು ಏನೋ ಕೇಳುವುದು. ಯಾರಿಗೂ ಕಿವಿ ಕೇಳಿಸುವುದಿಲ್ಲವೇನೋ ಈ ಮನೆಯಲ್ಲಿ. ಈಗ ತಾಯಿಗೆ ಹೇಳುತ್ತಿದ್ದಾಳೆ: ಬಾ ಚಾನ್ ಪಾಸಾದಳು ಅಂತ.

ಬರೀ ಪಾಸು ಅನ್ನಬೇಡ, ಎಪ್ಪತ್ತು ಅಂತ ಹೇಳು ಅಂತ ಇಲ್ಲಿಂದಲೇ ಕೂಗಿದೆ. ಅವರ ಭಾಷೆಯಲ್ಲೇ ಕೂಗಿದೆ, ಆ ಹೆಂಗಸಿಗೆ ಅರ್ಥವಾಗಬೇಕಲ್ಲ.